ಬಿಡಿಸಿ ಬರೆಯಿರಿ

ರಾತ್ರಿ ಹನ್ನೊಂದೂವರೆ, ಯಶವಂತಪುರದ ಡಿಪೋ.
ಕೊನೆಯ ಟ್ರಿಪ್ಪಿನ ಬಸ್ಸುಗಳು ಒಂದೊಂದಾಗಿ ಒಳಬಂದು
ಉಸ್ಸೆಂದು ಬಾಗಿಲು ಮುಚ್ಚಿಕೊಳ್ಳುತ್ತಿವೆ.
ಗೇಟಿನ ನಿಂಗರಾಜಪ್ಪ ಸ್ಟೂಲಿನ ಮೇಲೆ ಕೂತು
ಸೊಗಡಿನ ಅವರೆಕಾಯಿ ಬಿಡಿಸುತ್ತಾನೆ:
ಕಾಳು ಬಟ್ಟಲಿಗೆ, ಸಿಪ್ಪೆ ಪೇಪರಿಗೆ,
ಹುಳ ಕಂಡರೆ ಹುಷಾರಾಗಿ ಕಾಂಪೌಂಡಿನಾಚೆಗೆ.

ನನ್ನದೂ ಅದೇ ಕೆಲಸ, ಪರದೆಯ ಮುಂದೆ.
ಡ್ಯೂಟಿ ಫೈಲಿನ ಸಾಲುಗಳು ಹೀಗಿವೆ:

ಮಹಬೂಬ್ ಪಾಷ:ಸುಗುಣಾ ಕೆ:ಬನಶಂಕರಿ

ಓಡಿಸುವವನು, ಎರಡು ಚುಕ್ಕೆ, ಟಿಕೆಟ್ ಹರಿಯುವವಳು,
ಮತ್ತೆ ಎರಡು ಚುಕ್ಕೆ, ಹೋಗುವ ಊರು.
ಬೆಳಗಾಗುವುದರೊಳಗೆ ಸಾಹೇಬರಿಗೆ
ಡ್ರೈವರುಗಳ ಪಟ್ಟಿ ಬೇರೆ ಬೇಕು, ಕಂಡಕ್ಟರುಗಳದು ಬೇರೆ.
ಯಾಕೆಂದು ಕೇಳಲಿಲ್ಲ. ಶೆಲ್ಲಿನಲ್ಲಿ ಹತ್ತು ಸಾಲು, ಅಷ್ಟೆ.

ಹೈಸ್ಕೂಲಿನಲ್ಲಿ ಸಂಧಿ ಬಿಡಿಸಿ ಬರೆಯಿರಿ ಅಂದಾಗ
ಮಳೆಗಾಲವನ್ನು ನಾನು ಮಳೆ, ಗಾಲ ಎಂದು ಒಡೆದಿದ್ದೆ.
'ಗಾಲ ಅಂದ್ರೆ ಯಾವ ಪ್ರಾಣಿಯಪ್ಪಾ?' ಅಂದರು ಮೇಷ್ಟ್ರು.
ಇಡೀ ಕ್ಲಾಸು ನಕ್ಕಿತು.
ಕೂಡುವಾಗ ಏನು ಬದಲಾಗಿತ್ತೋ ಗೊತ್ತಿಲ್ಲದೆ
ಕತ್ತರಿ ಹಾಕಬೇಡ, ಅಂದರು ಆಮೇಲೆ, ಮೆಲ್ಲಗೆ.

ಮೊದಲ ಸಲ ಓಡಿಸಿದೆ.
ಬಸ್ಸು ನಲವತ್ತೆರಡು, ಡ್ರೈವರುಗಳು ಅರವತ್ತೊಂದು!
ಶೆಲ್ಲಿಗೆ ಖಾಲಿ ಜಾಗ ಕಂಡರೆ ಸಾಕು, ಅಲ್ಲೇ ಬೇಲಿ.
ಮಹಬೂಬ್ ಒಬ್ಬ, ಪಾಷ ಇನ್ನೊಬ್ಬ.
ಅತ್ತ ಕಂಡಕ್ಟರುಗಳ ಪಟ್ಟಿಯಲ್ಲಿ
ಸುಗುಣಾಳ ಕೈಬಿಟ್ಟ 'ಕೆ' ಎಂಬ ಒಂಟಿ ಅಕ್ಷರಕ್ಕೆ
ಬೆಳಗಿನ ಪಾಳಿ.
ಎರಡು ಚುಕ್ಕೆಯೊಂದೇ ಗಡಿ ಎಂದು ತಿಳಿಹೇಳಿದೆ.
ಮೆಜೆಸ್ಟಿಕ್ಕಿನಲ್ಲಿ ರಸ್ತೆ ದಾಟುವಾಗ
ಮಗುವನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುವ ಹಾಗೆ
ಒಂದೊಂದು ಹೆಸರಿಗೂ ಎರಡೂ ಬದಿ ಉದ್ಧರಣ ಚಿಹ್ನೆ ಹಾಕಿದೆ.

ಎರಡನೆಯ ಸಲ.
ಡ್ರೈವರುಗಳು ನಲವತ್ತೆರಡು. ಕಂಡಕ್ಟರುಗಳು ನಲವತ್ತೊಂದು.
ಬೆರಳಿಟ್ಟು ಎಣಿಸುತ್ತ ಹೋದೆ.
ಹದಿನಾರರ ತನಕ ಎಲ್ಲ ಸರಿ.
ಹದಿನೆಂಟರ ಸುಗುಣಾ ಒಂದು ಮೆಟ್ಟಿಲು ಮೇಲೆ ಜಾರಿ
ಆರ್ಮುಗಂ ಜೊತೆ ಕೆಂಗೇರಿಗೆ ಹೊರಟಿದ್ದಾಳೆ,
ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಕಳೆದ ಮಹಬೂಬನಿಗೆ
ಹತ್ತೊಂಬತ್ತರ ಯಾರೋ.
ಹೀಗೇ ಕೊನೆಯವರೆಗೆ, ಎಲ್ಲರೂ ಪಕ್ಕದ ಮನೆಗೆ.
ತುದಿಯ ಚೌಡಪ್ಪನಿಗೆ ಯಾರೂ ಉಳಿದಿಲ್ಲ.

ಮೂಲ ಫೈಲು ತೆರೆದೆ.

ಆರ್ಮುಗಂ::ಕೆಂಗೇರಿ

ಚುಕ್ಕೆಗಳು ಒಂದಕ್ಕೊಂದು ಅಂಟಿ ಕೂತಿದ್ದವು.
ನಡುವೆ ಫಿಲೋಮಿನಾ ಇದ್ದಳು.
ಹೋದ ತಿಂಗಳು ಹದಿಮೂರಕ್ಕೆ, ಆಸ್ಪತ್ರೆಯಿಂದ ಫೋನು ಬಂದ ಮಧ್ಯಾಹ್ನ,
ಆ ಹೆಸರು ಅಳಿಸಿದವನು ನಾನೇ.
ಪಟ್ಟಿ ಚೊಕ್ಕಟವಾಗಿರಲಿ ಅಂತ
ಖಾಲಿ ಇದ್ದರೆ ಬಿಟ್ಟುಬಿಡು ಎಂದು
ಶೆಲ್ಲಿಗೆ ಹೇಳಿಕೊಟ್ಟವನೂ ನಾನೇ.

ಆ ಒಂದು ಸಾಲು ಕಿತ್ತುಹಾಕಿದೆ.
ಹದಿನೇಳನೆಯ ಮನೆಯಲ್ಲಿ, ಎರಡು ಉದ್ಧರಣದ ನಡುವೆ,
ಏನೂ ಇಲ್ಲದ್ದನ್ನು ಇಟ್ಟೆ.
ನಲವತ್ತೆರಡು. ನಲವತ್ತೆರಡು.
ಸುಗುಣಾ ಇಳಿದು ತನ್ನ ಬಸ್ಸಿಗೆ ಬಂದಳು.

ನಿಂಗರಾಜಪ್ಪ ಬಟ್ಟಲು ಅಲ್ಲಾಡಿಸಿ
'ಒಂದ್ಸೇರು ಕಾಯಿಗೆ ಇಷ್ಟೇನಾ?' ಎಂದು ಗೊಣಗಿದ.

ನಾಲ್ಕೂಕಾಲಿಗೆ ಆರ್ಮುಗಂ ಎದ್ದು ಬಂದ,
ಮಫ್ಲರ್ ಸುತ್ತಿಕೊಂಡು, ರಿಜಿಸ್ಟರಿಗೆ ಸೈನು ಹಾಕಲು.
ಪ್ರಿಂಟರಿನ ಬಿಸಿ ಹಾಳೆಗಳ ಮೇಲೆ ಕಣ್ಣಾಡಿಸಿ
'ನನ್ ಎದುರುಗಡೆ ಬಿಟ್ಟೇ ಇದ್ದೀರಲ್ಲ ಸಾರ್' ಅಂದ.
ರಿಸರ್ವಿನಿಂದ ಒಬ್ಬ ಹುಡುಗ ಬರ್ತಾನೆ, ಅಂದೆ.
ತಲೆಯಾಡಿಸಿದ.

ಮಂಜಿನಲ್ಲಿ ಗಾಡಿ ಸ್ಟಾರ್ಟಾಯಿತು.
ಹುಡುಗ ಫುಟ್‌ಬೋರ್ಡಿನಿಂದ ಒಂದು ಸಲ ಸೀಟಿ ಊದಿದ.
ಫಿಲೋಮಿನಾ ಯಾವಾಗಲೂ ಎರಡು ಸಲ ಊದುತ್ತಿದ್ದಳು.
ಬಸ್ಸು ಅಲ್ಲೇ ನಿಂತಿತ್ತು, ಇಂಜಿನ್ ಗುರುಗುಟ್ಟುತ್ತ,
ಇಂಡಿಕೇಟರಿನ ಹಳದಿ ಗೋಡೆಗೆ ಬಡಿದು ಬಡಿದು ಆರುತ್ತ.
ಆಮೇಲೆ ಹೊರಟಿತು.